ಕಸೂತಿಯಕ್ಕ ಆರಿಸಿದ ಬಿಳಿ ಚುಕ್ಕಿಗಳು

"ನಿಮ್ಮ ಬೀಜ ಸರಿಯಾಗಿದೆಯೇನಮ್ಮಾ?" ಎಂದು ಮ್ಯಾನೇಜರ್ ಕೇಳಿದ.

"ಇದೇನ್ ಸಾರ್ ಹೀಗೆ ಕೇಳ್ತೀರಿ? ಭೂತಗನ್ನಡಿ ಹಿಡ್ಕೊಂಡು ಬನ್ನಿ. ನನ್ನ ಬೀಜದಲ್ಲಿ ಒಂದು ಕೂದಲೆಳೆ ದೋಷ ತೋರಿಸಿ, ಇವತ್ತೇ ಕೆಲಸ ಬಿಟ್ಟು ಹೋಗ್ತೀನಿ."

ಮ್ಯಾನೇಜರ್ ನಕ್ಕ. ಪಕ್ಕದಲ್ಲಿದ್ದ ಕಂಪನಿ ವಕೀಲ ಆ ಮಾತನ್ನು ಇದ್ದ ಹಾಗೇ ಬರೆದುಕೊಂಡ. ಅವಳು ಬೀಗುತ್ತಲೇ ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡಳು. ಸ್ವಂತ ಮೈದುನನ ಕೊರಳಿಗೆ ಹಗ್ಗ ಹಾಕಿ, ಗಂಟು ಬಿಗಿದು ಬಂದಿದ್ದೇನೆ ಎನ್ನುವುದು ಮೆಟ್ಟಿಲಿಳಿಯುವಾಗಲೂ ಅವಳ ತಲೆಗೆ ಹೊಳೆಯಲಿಲ್ಲ.

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕಸೂತಿಯಕ್ಕ ಎಂದು ಕರೆಯುತ್ತಿದ್ದರು. ಸೂಜಿ ದಾರದ ಕೆಲಸ ಅವಳಿಗೆ ಬರುತ್ತಿರಲಿಲ್ಲ. ಹರಿದ ರವಿಕೆಗೆ ಹೊಲಿಗೆ ಹಾಕಲೂ ಓರಗಿತ್ತಿಯನ್ನೇ ಕೂಗುತ್ತಿದ್ದಳು. ಅವಳ ಕಸೂತಿಯೆಲ್ಲ ಗಾಜಿನ ಪ್ಲೇಟಿನ ಮೇಲೆ. ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುದು ಆ್ಯಂಟಿಬಯಾಟಿಕ್ ಪುಡಿ. ಎದೆ ಕಟ್ಟಿ ಉಸಿರಾಡಲಾರದ ಮಗುವಿಗೆ, ಗಂಟಲು ಬಾತು ಉಗುಳು ನುಂಗಲಾಗದವರಿಗೆ ಕೊಡುತ್ತಾರಲ್ಲ, ಆ ಮಾತ್ರೆಯ ಒಳಗಿನ ಬಿಳಿ ಪುಡಿ. ಅದನ್ನು ತಯಾರಿಸುವುದು ಮನುಷ್ಯರಲ್ಲ. ಮಣ್ಣಿನಲ್ಲಿ ದಾರದಂತೆ ಹಬ್ಬಿಕೊಂಡು ಬದುಕುವ ಒಂದು ಬ್ಯಾಕ್ಟೀರಿಯಾ. ಕೆಲಸಗಾರರು ಅದನ್ನು ಬೀಜ ಎನ್ನುತ್ತಿದ್ದರು. ಆ ಬೀಜವನ್ನು ಕಲ್ಚರ್ ರೂಮಿನಲ್ಲಿ ಟ್ಯೂಬಿನಿಂದ ಟ್ಯೂಬಿಗೆ ದಾಟಿಸಿ, ವರ್ಷದಿಂದ ವರ್ಷಕ್ಕೆ ಸಾಯದ ಹಾಗೆ ನೋಡಿಕೊಳ್ಳುವುದು ಕಸೂತಿಯಕ್ಕನ ಕೆಲಸ. ಬಾಯ್ಲರ್ ಮನೆಯಲ್ಲಿದ್ದ ಗಂಡ ಸತ್ತ ಮೇಲೆ ಅವನ ಬದಲಿಗೆ ಸಿಕ್ಕ ನೌಕರಿ. ಅವಳ ರೂಮಿನ ಬಾಗಿಲು ತೆಗೆದರೆ ಆಗಷ್ಟೇ ಅಗೆದ ಹಸಿಮಣ್ಣಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡರೂ ಆ ವಾಸನೆ ಹೋಗುತ್ತಿರಲಿಲ್ಲ. "ನನ್ನ ಸೊಸೆ ದಿನಾ ಗುಂಡಿ ತೋಡಿ ಬರ್ತಾಳೆ," ಎಂದು ಅತ್ತೆ ನೆರೆಹೊರೆಯವರಿಗೆ ಹೇಳುತ್ತಿದ್ದಳು.

ಟ್ಯೂಬಿನ ಬೀಜ ಬಾಟಲಿಗೆ, ಬಾಟಲಿಯಿಂದ ಚಿಕ್ಕ ಟ್ಯಾಂಕಿಗೆ, ಅಲ್ಲಿಂದ ಮೂರಂತಸ್ತಿನ ದೊಡ್ಡ ಟ್ಯಾಂಕಿಗೆ ಹೋಗುತ್ತಿತ್ತು. ಆ ದೊಡ್ಡ ಟ್ಯಾಂಕು ಅವಳ ಮೈದುನನದು. ಸಕ್ಕರೆ ನೀರು, ಸೋಯಾ ಹಿಟ್ಟು, ಗಾಳಿ, ಬಿಸಿ ಎಲ್ಲವನ್ನೂ ಅಳತೆಯಲ್ಲಿ ಕೊಟ್ಟು ಬೆಳೆ ತೆಗೆಯುವವನು ಅವನು. ಅತ್ತಿಗೆ ಬಿತ್ತುತ್ತಾಳೆ, ಮೈದುನ ಕೊಯ್ಯುತ್ತಾನೆ ಎಂದು ಕ್ಯಾಂಟೀನಿನಲ್ಲಿ ಹಾಸ್ಯ ನಡೆಯುತ್ತಿತ್ತು.

ಆ ವರ್ಷ ಕಾರ್ಖಾನೆಯ ಕಾರ್ಮಿಕ ಸಂಘದವರು ಗುತ್ತಿಗೆಯವರನ್ನು ಕಾಯಂ ಮಾಡಿ ಎಂದು ಗೇಟಿನ ಮುಂದೆ ಕೂತರು. ಧರಣಿಯಲ್ಲಿ ಮೈದುನನದೇ ಘೋಷಣೆ. ಧರಣಿ ಮುಗಿದು ಎಲ್ಲರೂ ಒಳಗೆ ಹೋದ ಮೇಲೆ ದೊಡ್ಡ ಟ್ಯಾಂಕು ಕೈಕೊಟ್ಟಿತು. ಗಂಜಿಯಂತೆ ಗಟ್ಟಿಯಾಗಿ ಬೆಳೆದು ನಿಂತಿದೆ, ಆದರೆ ಔಷಧಿ ಇಲ್ಲ. ತೊಳೆದು ಮತ್ತೆ ಹಾಕಿದರು, ಇಲ್ಲ. ಮೂರನೆಯ ಸಲವೂ ಅಷ್ಟೇ. ಅಷ್ಟೂ ರಸವನ್ನು ಮೋರಿಗೆ ಬಿಟ್ಟರು. ಕಂಪನಿ ಮೈದುನನನ್ನು ಅಮಾನತು ಮಾಡಿತು. ಸೇಡಿಗಾಗಿ ಟ್ಯಾಂಕಿಗೆ ಏನೋ ಬೆರೆಸಿದ್ದಾನೆ ಎನ್ನುವುದು ಆರೋಪ. ತನಿಖೆಯಲ್ಲಿ ಹೌದೆಂದಾದರೆ ಕೆಲಸ ಹೋಗುವುದಷ್ಟೇ ಅಲ್ಲ, ಪೊಲೀಸ್ ಕೇಸೂ ಬೀಳುತ್ತದೆ.

ತನಿಖೆಯ ಲೆಕ್ಕಾಚಾರ ಬಲು ಸರಳ. ಹಾಕಿದ ಹಿಟ್ಟು ಸಕ್ಕರೆ ಸರಿಯಿದೆ ಎಂದು ಉಗ್ರಾಣದವನು ಹೇಳಿದ. ಬೀಜ ಸರಿಯಿದೆ ಎಂದು ಬೀಜದವಳು ಎದೆ ತಟ್ಟಿಕೊಂಡು ಹೇಳಿದಳು. ಉಳಿದದ್ದು ಟ್ಯಾಂಕಿನವನ ಕೈ.

ಅಂದು ಸಂಜೆ ಮನೆಗೆ ಬಂದರೆ ಅವಳಿಗಿಂತ ಮೊದಲು ಅವಳ ಮಾತು ಬಂದು ಕೂತಿತ್ತು. ಮೈದುನ ಗೋಡೆಗೆ ಒರಗಿ ನೆಲ ನೋಡುತ್ತಿದ್ದ.

"ಅತ್ತಿಗೆ, ನಿಮ್ಮ ಬೀಜ ಬಂಗಾರವಂತಲ್ಲ? ಹಾಗಾದ್ರೆ ನಾನು ಕಳ್ಳ ಅಂತಾಯ್ತು."

"ನಾನು ಹಾಗಂದ್ನಾ? ನನ್ನ ಕೆಲಸದ ಬಗ್ಗೆ ಕೇಳಿದ್ರು, ಹೇಳ್ದೆ."

"ಕೇಳಿದ್ದು ನಿಮ್ಮನ್ನ. ಉತ್ತರ ಬಿದ್ದಿದ್ದು ನನ್ನ ತಲೆ ಮೇಲೆ."

ಅತ್ತೆ ಮೂಲೆಯಿಂದ ಅಂದಳು, "ಮಾತಾಡೋಕೆ ಮೊದ್ಲು ನಾಲಿಗೇನ ಹಲ್ಲಿನ ಹಿಂದೆ ಒಂದ್ಸಲ ತಿರುಗಿಸ್ಬೇಕು ಕಣಮ್ಮ. ನನ್ನ ಹಲ್ಲು ಬಿದ್ದು ಹೋಗಿವೆ, ನನ್ನ ಬಾಯಿಗೆ ಕಾವಲಿಲ್ಲ. ನಿನಗೇನಾಗಿತ್ತು?"

ಓರಗಿತ್ತಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಕುಕ್ಕಿದಳು.

ಮೈದುನ ಟ್ಯಾಂಕಿಗೆ ಕೈ ಹಾಕುವವನಲ್ಲ ಎನ್ನುವುದು ಅವಳಿಗೆ ಗೊತ್ತು. ತನ್ನ ಬೀಜ ಕೆಡುವುದಿಲ್ಲ ಎನ್ನುವುದೂ ಗೊತ್ತು. ಎರಡರಲ್ಲಿ ಒಂದು ಸುಳ್ಳಾಗಲೇಬೇಕು. ಹಿಟ್ಟಿನಂಥ ಬಿಳಿ ಪುಡಿ ತುಂಬಿಕೊಂಡು, ಒಂದರ ಪಕ್ಕ ಒಂದು ಅಚ್ಚು ಹಾಕಿದ ಹಾಗೆ ಕೂತ ಟ್ಯೂಬುಗಳನ್ನು ಅವಳು ಮರುದಿನ ಮತ್ತೆ ಮತ್ತೆ ತೆಗೆದು ನೋಡಿದಳು. ಬೇರೆ ಹುಳ ಸೇರಿಲ್ಲ, ಬಣ್ಣ ಕೆಟ್ಟಿಲ್ಲ. ದೋಷ ಎಲ್ಲಿಂದ ಬರಬೇಕು?

ಬಂದದ್ದು ಬಾಟಲಿ ತೊಳೆಯುವ ಮುದುಕಿಯ ಬಾಯಿಂದ. ಖಾಲಿ ಬಾಟಲಿಗಳ ತಟ್ಟೆಯನ್ನು ತೊಟ್ಟಿಯ ಹತ್ತಿರ ಇಳಿಸುವಾಗ ಮುದುಕಿ ಸಮಾಧಾನ ಹೇಳಲು ಹೋದಳು.

"ನಿನ್ನ ಕೈಗುಣಕ್ಕೆ ಹೆಸರಿಡೋರು ಯಾರಿದಾರಮ್ಮ? ಆ ಸಿಡುಕಪ್ಪನ ಕಾಲದಲ್ಲಿ ನಾನು ಈ ಬಾಟಲಿ ಉಜ್ಜಿ ಉಜ್ಜಿ ಬೆರಳು ಸವೆಸ್ಕೊಂಡೆ. ಹಳದಿ ಕರಟು, ಬಂಡೆಗೆ ಹತ್ತಿದ ಪಾಚಿ ಇದ್ದಂಗೆ. ನೀನು ಬಂದ್ಮೇಲೆ ನೋಡು, ವರ್ಷ ವರ್ಷ ಹಗುರ. ಈಗಂತೂ ನೀರು ಹುಯ್ದ್ರೆ ಸಾಕು, ಬಾಟಲಿ ತಾನೇ ತೊಳ್ಕೊಳ್ಳುತ್ತೆ."

ಕಸೂತಿಯಕ್ಕ ತಟ್ಟೆ ಹಿಡಿದೇ ನಿಂತುಬಿಟ್ಟಳು.

ಸಿಡುಕಪ್ಪ ಎಂದರೆ ಅವಳಿಗಿಂತ ಮೊದಲು ಬೀಜ ಕಾಯುತ್ತಿದ್ದವನು. ಅವಳಿಗೆ ಕೆಲಸ ಕಲಿಸಿ, ನಿವೃತ್ತನಾಗಿ, ಸತ್ತು ಹೋಗಿದ್ದ. ಬೀಜ ದಾಟಿಸುವಾಗ ಅದನ್ನು ಪ್ಲೇಟಿನ ಮೇಲೆ ತೆಳ್ಳಗೆ ಹರಡಬೇಕು. ಬೇರೆಬೇರೆ ಚುಕ್ಕಿಗಳಾಗಿ ಬೆಳೆಯುತ್ತದೆ. ಅದರಲ್ಲಿ ಒಳ್ಳೆಯ ಚುಕ್ಕಿ ಆರಿಸಿ ಮುಂದಿನ ಟ್ಯೂಬಿಗೆ ಹಾಕಬೇಕು. ಕೆಲವು ಚುಕ್ಕಿಗಳು ದುಂಡಗೆ, ಬೆಳ್ಳಗೆ, ಮುಟ್ಟಿದರೆ ಪುಡಿ ಉದುರುವ ಹಾಗಿರುತ್ತಿದ್ದವು. ಕೆಲವು ಸಣ್ಣವು, ಮುದುಕನ ಮೊಣಕೈಯಂತೆ ಸುಕ್ಕು, ಬೂದುಹಳದಿ, ಕಿತ್ತರೂ ಬರದ ಹಾಗೆ ತಳ ಕಚ್ಚಿಕೊಂಡವು. ಹೊಸದಾಗಿ ಬಂದ ಅವಳು ಬೆಳ್ಳನೆಯದನ್ನು ತೋರಿಸಿದಾಗ ಸಿಡುಕಪ್ಪ ಅಂದಿದ್ದ: "ಚೆಂದ ನೋಡಿ ಸೊಸೆ ತಂದ್ರೆ ಒಲೆ ಹಚ್ಚೋರು ಯಾರಮ್ಮ?" ಗಂಡ ಸತ್ತು ವರ್ಷವಾಗಿರಲಿಲ್ಲ. ಈ ಮುದುಕ ಹೆಂಗಸರನ್ನು ಆಡಿಕೊಳ್ಳುತ್ತಿದ್ದಾನೆ ಎಂದು ಅವಳಿಗೆ ಉರಿದುಹೋಗಿತ್ತು. ಅವನು ಹೋದ ದಿನದಿಂದ ಸುಕ್ಕಿನವನ್ನೆಲ್ಲ ಬದಿಗೆ ಸರಿಸಿ, ಬೆಳ್ಳಗಿರುವುದನ್ನೇ ಆರಿಸುತ್ತ ಬಂದಳು. ಬೇಗ ಬೆಳೆಯುತ್ತವೆ, ಪುಡಿ ಧಾರಾಳ, ನೋಡಲು ಕಸೂತಿ. ಬಂದವರೆಲ್ಲ ಹೊಗಳಿದರು.

ಅವಳು ನೇರವಾಗಿ ಡಾಕ್ಟರಮ್ಮನ ಹತ್ತಿರ ಹೋದಳು. ಸೂಜಿ ಚುಚ್ಚುವ ಡಾಕ್ಟರಲ್ಲ ಇವರು. ಬ್ಯಾಕ್ಟೀರಿಯಾದ ಓದು ಓದಿದವರು, ಲ್ಯಾಬಿನ ಮುಖ್ಯಸ್ಥೆ. ಔಷಧಿ ಕೊಡುತ್ತಿದ್ದುದು ತಾನು ಬದಿಗೆ ಸರಿಸಿದ ಸುಕ್ಕಿನ ಚುಕ್ಕಿಗಳೇ ಏನೋ ಎಂದು ಅವಳು ಅಂದದ್ದನ್ನು ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಬಾಗಿಲು ಹಾಕಿ ಕೂತ್ಕೊಳ್ಳಿ," ಎಂದರು. "ನೀವು ಹೇಳ್ತಿರೋದು ನಿಜ ಇರಬಹುದು. ಅದಕ್ಕೇ ಹೆದರಿಕೆ ಆಗ್ತಿದೆ."

ಅವರು ಬಿಡಿಸಿ ಹೇಳಿದ್ದು ಇದು. ಈ ಬ್ಯಾಕ್ಟೀರಿಯಾದ ಒಳಗೂ ಒಂದು ಕಾರ್ಖಾನೆಯಿದೆ. ಸಾಲಾಗಿ ನಿಂತ ಕೆಲಸಗಾರರು. ಒಬ್ಬ ಇಂಗಾಲದ ಒಂದು ಚೂರು ಹಿಡಿದು ಮುಂದಿನವನಿಗೆ ಕೊಡುತ್ತಾನೆ. ಅವನು ಇನ್ನೊಂದು ಚೂರು ಜೋಡಿಸಿ, ಸ್ವಲ್ಪ ತಿದ್ದಿ, ಆಚೆಯವನಿಗೆ ದಾಟಿಸುತ್ತಾನೆ. ಹೀಗೆ ಸರಪಳಿ ಬೆಳೆಯುತ್ತದೆ. ಕೊನೆಯವನು ಅದನ್ನು ಬಗ್ಗಿಸಿ ಎರಡು ತುದಿ ಸೇರಿಸಿದರೆ ದೊಡ್ಡ ಉಂಗುರ. ಅದಕ್ಕೆ ಬೇರೆ ಇಬ್ಬರು ಬಂದು ಎರಡು ವಿಚಿತ್ರ ಸಕ್ಕರೆಗಳನ್ನು ಅಂಟಿಸಬೇಕು. ಸಕ್ಕರೆಯಿಲ್ಲದ ಉಂಗುರ ಹಿಡಿಯಿಲ್ಲದ ಕುಡುಗೋಲು, ಕೆಲಸಕ್ಕೆ ಬಾರದು. ಪೂರ್ತಿಯಾದ ಉಂಗುರ ರೋಗದ ಕ್ರಿಮಿಯೊಳಗೆ ಹೊಕ್ಕು, ಅದು ಪ್ರೋಟೀನು ನೇಯುವ ಯಂತ್ರದ ಬಾಯಿಗೆ ಬಿರಡೆಯಂತೆ ಕೂರುತ್ತದೆ. ನೇಯ್ಗೆ ನಿಂತರೆ ಕ್ರಿಮಿಯ ಬದುಕು ನಿಂತಿತು.

"ಇಷ್ಟೆಲ್ಲ ಮಾಡೋಕೆ ಅದಕ್ಕೆ ತುಂಬ ಖರ್ಚು ಬೀಳುತ್ತೆ," ಎಂದರು ಡಾಕ್ಟರಮ್ಮ. "ಮಣ್ಣಲ್ಲಿ ಅನ್ನಕ್ಕೆ ಹೊಡೆದಾಟ. ಅಲ್ಲಿ ಈ ಆಯುಧ ಬೇಕು. ನಮ್ಮ ಟ್ಯೂಬಿನಲ್ಲಿ ಹೊಡೆದಾಟವೂ ಇಲ್ಲ, ವೈರಿಯೂ ಇಲ್ಲ. ಈ ಕೆಲಸದ ಸೂತ್ರವೆಲ್ಲ ಅದರ ಜೀನ್‌ಗಳಲ್ಲಿ ಒಂದೇ ಗೊಂಚಲಾಗಿ ಕೂತಿರುತ್ತೆ. ಯಾವುದೋ ಒಂದು ಬ್ಯಾಕ್ಟೀರಿಯಾ ಅದನ್ನು ಕಳ್ಕೊಂಡ್ರೆ, ಇಲ್ಲಾ ಕೆಡಿಸ್ಕೊಂಡ್ರೆ ಸಾಯಲ್ಲ. ಖರ್ಚು ಉಳಿಸ್ಕೊಂಡು ಕೊಬ್ಬಿ ಬೆಳೆಯುತ್ತೆ."

"ಬೆಳ್ಳಗೆ, ದುಂಡಗೆ," ಎಂದಳು ಕಸೂತಿಯಕ್ಕ.

"ಬೆಳ್ಳಗೆ, ದುಂಡಗೆ."

"ನಾನು ಸೋಂಬೇರಿಗಳನ್ನ ಆರಿಸಿ ಆರಿಸಿ ಸಾಕ್ದೆ. ದುಡಿಯೋರನ್ನ ತಿಪ್ಪೆಗೆ ಹಾಕ್ದೆ."

"ಟ್ಯೂಬು ನೋಡಿ ಚೆನ್ನಾಗಿದೆ ಅಂತ ಒಪ್ಪಿದ್ದು ನಾನು. ಅಳೋಕೆ ಆಮೇಲೆ ಟೈಮ್ ಇದೆ. ಮೊದ್ಲು ಪರೀಕ್ಷೆ."

ಮೊದಲು ಇಂಥದ್ದಕ್ಕೆಂದೇ ಒಂದು ಪರೀಕ್ಷೆ ಕೋಣೆ ಇತ್ತು. ಆರಿಸಿದ ಪ್ರತಿ ಚುಕ್ಕಿಯಿಂದ ಒಂದು ಬಿಲ್ಲೆ ಕೊರೆದು, ಬೇರೊಂದು ಕ್ರಿಮಿಯನ್ನು ಒತ್ತಾಗಿ ಬೆಳೆಸುವ ಪ್ಲೇಟಿನ ಮೇಲೆ ಇಡುತ್ತಿದ್ದರು. ಬಿಲ್ಲೆಯಲ್ಲಿ ಔಷಧಿ ಇದ್ದರೆ ಅದರ ಸುತ್ತ ಕ್ರಿಮಿ ಸತ್ತು ಗಾಜಿನಷ್ಟು ತಿಳಿಯಾದ ಬಳೆ ಮೂಡುತ್ತಿತ್ತು. ಖರ್ಚು ಕಡಿಮೆ ಮಾಡುತ್ತೇವೆ ಎಂದು ಕಂಪನಿ ಆ ಕೋಣೆಗೆ ಬೀಗ ಜಡಿಯಿತು. ಇಳುವರಿ ಇಳಿದಾಗೆಲ್ಲ ಟ್ಯಾಂಕನ್ನು ಒಂದೊಂದು ದಿನ ಹೆಚ್ಚು ಓಡಿಸಿ ತೇಪೆ ಹಾಕುತ್ತ ಬಂದರು. ಹೊಟ್ಟೆನೋವಿಗೆ ಬೆನ್ನು ತಿಕ್ಕಿದ ಹಾಗೆ.

ಈ ವರ್ಷದ ಬೀಜವೊಂದನ್ನೇ ಪರೀಕ್ಷಿಸಿದರೆ ಸಾಲದು ಎಂದರು ಡಾಕ್ಟರಮ್ಮ. ಬೀಜ ಕೆಟ್ಟಿದೆ ಎಂದಷ್ಟೇ ಹೇಳಿದರೆ, ಕೆಡಿಸಿದವಳು ಅತ್ತಿಗೆ, ಮುಚ್ಚಿಟ್ಟವನು ಮೈದುನ ಎಂದು ಇಬ್ಬರನ್ನೂ ಕಟ್ಟಿ ಹಾಕುತ್ತಾರೆ. ನಿಧಾನವಾಗಿ ಕೆಡುತ್ತ ಬಂದಿದೆ, ಧರಣಿಗಿಂತ ಎಷ್ಟೋ ಮೊದಲೇ ಶುರುವಾಗಿದೆ ಎನ್ನುವುದು ಕಣ್ಣಿಗೆ ಕಾಣಬೇಕು. ವರ್ಷವರ್ಷದ ಹಳೆಯ ಟ್ಯೂಬುಗಳು ತಣ್ಣನೆಯ ಕಪಾಟಿನಲ್ಲಿದ್ದವು. ಎಲ್ಲಕ್ಕೂ ಹಿಂದೆ, ಮೂಲೆಯಲ್ಲಿ, ಸಿಡುಕಪ್ಪನ ಕೈಯ ಒಂದೇ ಒಂದು ಮಣ್ಣಿನ ಟ್ಯೂಬು. ಒಣಮಣ್ಣನ್ನು ಹಬೆಯಲ್ಲಿ ಕಾಯಿಸಿ, ಅದರಲ್ಲಿ ಬೀಜ ಬೆರೆಸಿ, ಒಣಗಿಸಿ, ಬಾಯಿ ಮುಚ್ಚಿ ಮೇಣ ಹಾಕಿದ್ದು. ಮಣ್ಣಿನದನ್ನು ಮಣ್ಣಿನಲ್ಲೇ ಮಲಗಿಸಿ ಹೋಗಿದ್ದ ಮುದುಕ. ಜೀವ ಇದ್ದರೆ ಇತ್ತು. ಸತ್ತಿದ್ದರೆ ಹೋಲಿಸಲು ಏನೂ ಇಲ್ಲ. ಮುಂದಿನ ಬೆಳೆಗೆ ಬೀಜವೂ ಇಲ್ಲ.

ಅವಳು ಆ ಮೇಣ ಬಿಡಿಸಿದಳು. ಬಿಡಿಸುವಾಗ ಉಸಿರು ಹಿಡಿದಿದ್ದಳು, ಬೇರೆ ಹುಳ ಬೀಳದಿರಲೆಂದು. ಒಂದು ಚಿಟಿಕೆ ಮಣ್ಣು ಮಾತ್ರ ಉದುರಿಸಿ ಮತ್ತೆ ಮುಚ್ಚಿದಳು.

ಪ್ಲೇಟಿನ ಮೇಲೆ ಚುಕ್ಕಿ ಬಲಿಯಲು ವಾರ ಬೇಕು. ತನಿಖೆಯ ಕೊನೆಯ ವಿಚಾರಣೆ ಅದಾದ ಕೂಡಲೇ ಇತ್ತು. ಅಷ್ಟರಲ್ಲಿ ಸಂಘದ ಅಧ್ಯಕ್ಷನಿಗೆ ಸುಳಿವು ಸಿಕ್ಕಿತು. ಮೈಕಿಲ್ಲದೆ ಮೂರು ಬೀದಿಗೆ ಕೇಳಿಸುವ ದನಿಯವನು, ಗಂಟಲು ಎಂದೇ ಅಡ್ಡಹೆಸರು. ಸೈಕಲ್ ಸ್ಟ್ಯಾಂಡಿನ ಹತ್ತಿರ ಅವಳನ್ನು ತಡೆದ. ಅವತ್ತು ಮಾತ್ರ ಪಿಸುಗುಟ್ಟಿದ.

"ಅಕ್ಕಾ, ಏನೋ ಪ್ಲೇಟು ಬೆಳೆಸ್ತಿದೀರಂತೆ. ಬಿಟ್ಬಿಡಿ. ಕಂಪನಿ ಅಗ್ಗದ ಸೋಯಾ ಹಿಟ್ಟು ತಂದಿದ್ದಕ್ಕೇ ಟ್ಯಾಂಕು ಕೆಟ್ಟಿದ್ದು ಅಂತ ನಾವು ವಾದ ಮಾಡ್ತಿದೀವಿ."

"ಹಿಟ್ಟಿನಿಂದ ಕೆಟ್ಟಿಲ್ವಲ್ಲ."

"ಕೆಟ್ಟಿದ್ರೂ ಕೆಡದಿದ್ರೂ ಹಿಟ್ಟು ಕಂಪನೀದು. ಬೀಜ ನಮ್ಮೋರದು. ನೀವು ನಮ್ಮ ಕಾಲಿಗೇ ಕೊಡಲಿ ಹಾಕ್ತೀರಾ?"

"ಉಗ್ರಾಣದೋನು ಹಿಟ್ಟು ಪರೀಕ್ಷೆ ಮಾಡಿಸಿ ಕೂತಿದಾನೆ. ನಿಮ್ಮ ವಾದ ನಿಲ್ಲಲ್ಲ. ಬಿದ್ರೆ ನನ್ನ ಮೈದುನ ಜೈಲಲ್ಲಿ, ನೀವು ಗೇಟಲ್ಲಿ."

"ಒಂದೇ ಮನೆಯೋರು. ಇಬ್ಬರೂ ಸೇರಿ ಮಾಡಿದ್ದು ಅಂತಾರೆ. ನೆನಪಿಟ್ಕೊಳ್ಳಿ."

ಅದು ಅವಳಿಗೆ ನೆನಪಿತ್ತು. ಅದೊಂದೇ ನೆನಪಿತ್ತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಬಳೆ ಮೂಡದಿದ್ದರೆ ಹೇಳಲು ಏನಿರುತ್ತದೆ? ಅನ್ನ ಕಲಸಿ ಕಲಸಿ ತಟ್ಟೆಯ ಅಂಚಿಗೆ ಸರಿಸುತ್ತಿದ್ದಳು. ಎದುರಿಗೆ ಮೈದುನ ತಟ್ಟೆ ಹಿಡಿದು ಬೆನ್ನು ತಿರುಗಿಸಿ ಕೂರುತ್ತಿದ್ದ. "ಇಬ್ಬರೂ ತಿನ್ನಲ್ಲ ಅಂದ್ರೆ ನನಗಾದ್ರೂ ಇನ್ನೊಂದು ಹಿಡಿ ಹಾಕಿ," ಎನ್ನುತ್ತಿದ್ದಳು ಅತ್ತೆ.

ಬೇರೆ ಟ್ಯೂಬುಗಳ ಪ್ಲೇಟೆಲ್ಲ ಚುಕ್ಕಿ ಎದ್ದವು. ಮಣ್ಣಿನ ಪ್ಲೇಟು ಬೋಳು. ಮರುದಿನವೂ ಬೋಳು. ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೆ ಬೆಚ್ಚನೆಯ ಪೆಟ್ಟಿಗೆಗೆ ಇಟ್ಟರು. ಕಸೂತಿಯಕ್ಕ ಆ ಪೆಟ್ಟಿಗೆಯ ಬಾಗಿಲನ್ನು ಎಷ್ಟು ಸಲ ತೆರೆದಳೆಂದರೆ, "ಹೀಗೆ ಬಾಗಿಲು ತೆಗೀತಿದ್ರೆ ಚಳಿಗೇ ಸಾಯ್ತವೆ," ಎಂದು ಡಾಕ್ಟರಮ್ಮ ಗದರಬೇಕಾಯಿತು. ಆಮೇಲೊಂದು ಬೆಳಿಗ್ಗೆ ನೋಡಿದರೆ ಪ್ಲೇಟಿನ ಅಂಚಿನಲ್ಲಿ ಸಾಸಿವೆಗಿಂತ ಚಿಕ್ಕದಾಗಿ, ಸುಕ್ಕುಸುಕ್ಕಾಗಿ, ಬೂದುಹಳದಿಯ ಕೆಲವು ಗಂಟುಗಳು. ಅಷ್ಟು ಕುರೂಪವಾದದ್ದನ್ನು ನೋಡಿ ಅವಳು ಅಷ್ಟು ಖುಷಿಪಟ್ಟದ್ದು ಅದೇ ಮೊದಲು.

ಬಿಲ್ಲೆ ಕೊರೆದದ್ದು ಡಾಕ್ಟರಮ್ಮನೇ. ತನಿಖೆಯ ಹಿಂದಿನ ಸಂಜೆ ಪರೀಕ್ಷೆಯ ಪ್ಲೇಟುಗಳ ಮೇಲೆ ಅವನ್ನು ಇಟ್ಟು, ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಪೆಟ್ಟಿಗೆ ತೆಗೆದರು.

ತನಿಖೆಯ ಕೋಣೆಯಲ್ಲಿ ಉದ್ದನೆಯ ಮೇಜು. ಆ ಕಡೆ ಮ್ಯಾನೇಜರ್, ವಕೀಲ. ಈ ಕಡೆ ಮೈದುನ, ಪಕ್ಕದಲ್ಲಿ ಗಂಟಲು. ಕಸೂತಿಯಕ್ಕ ಬಟ್ಟೆ ಮುಚ್ಚಿದ ಟ್ರೇ ಹಿಡಿದು ಬಂದಳು. ಹಿಂದೆ ಡಾಕ್ಟರಮ್ಮ. ಮೈದುನ ಅವಳನ್ನು ನೋಡಿ ಮುಖ ತಿರುಗಿಸಿದ. ಇನ್ನೇನು ಹೇಳಿ ಮುಗಿಸುತ್ತಾಳೋ ಎನ್ನುವ ಹಾಗೆ.

"ಇದೇನಮ್ಮ ತಂದಿದೀರಿ?"

"ಹೋದ ಸಲ ದೋಷ ತೋರಿಸಿ ಅಂದಿದ್ದೆ ಸಾರ್. ನೀವು ತೋರಿಸ್ಲಿಲ್ಲ. ನಾನೇ ಹುಡುಕಿ ತಂದೆ."

ಬಟ್ಟೆ ತೆಗೆದು ಪ್ಲೇಟುಗಳನ್ನು ಸಾಲಾಗಿ ಜೋಡಿಸಿದಳು. ಮೊದಲನೆಯದು ಮಣ್ಣಿನದು: ಪ್ರತಿ ಬಿಲ್ಲೆಯ ಸುತ್ತಲೂ ಅಗಲವಾದ ತಿಳಿ ಬಳೆ. ಎರಡನೆಯದರಲ್ಲಿ ಕೆಲವು ಬಿಲ್ಲೆಗಳ ಕೈ ಬರಿದು. ಮೂರನೆಯದರಲ್ಲಿ ಬಳೆ ಕಿರಿದಾಗಿದೆ. ಆಚೆಗೆ ಹೋದಂತೆ ಇನ್ನೂ ಕಿರಿದು, ಇನ್ನೂ ಕಡಿಮೆ. ಕೊನೆಯದರಲ್ಲಿ ಒಂದೂ ಇಲ್ಲ. ಬಿಲ್ಲೆಗಳ ಬುಡದವರೆಗೂ ಕ್ರಿಮಿ ಹುಲ್ಲಿನಂತೆ ಬೆಳೆದು ನಿಂತಿತ್ತು.

"ಬಳೆ ಇದ್ದಲ್ಲಿ ಔಷಧಿ ಇದೆ. ಇದು ನನಗಿಂತ ಮುಂಚಿನ ಬೀಜ. ಇದು ನನ್ನ ಮೊದಲನೇ ವರ್ಷದ್ದು. ಇದು ಈ ವರ್ಷದ್ದು. ಚೆಂದ ಇದೆ ಅಂತ ಬೆಳ್ಳಗಿರೋದನ್ನ ಆರಿಸ್ತಾ ಬಂದೆ. ಅದು ಔಷಧಿ ಮಾಡೋದನ್ನ ಬಿಡ್ತಾ ಬಂತು. ಮೈದುನನ ಟ್ಯಾಂಕಿಗೆ ಹೋಗೋ ಮುಂಚೇನೇ ಬೀಜ ಬಂಜೆ ಆಗಿತ್ತು."

ಗಂಟಲು ತಲೆಯ ಮೇಲೆ ಕೈ ಹೊತ್ತ. ವಕೀಲ ಮುಂದಕ್ಕೆ ಬಾಗಿದ.

"ಒಂದೇ ಮನೆಯವರು ನೀವು. ಮೈದುನನ್ನ ಉಳಿಸೋಕೆ ಇದೆಲ್ಲ ಯಾಕೆ ಕಟ್ಟಿರಬಾರದು?"

"ಕಟ್ಟೋದಾಗಿದ್ರೆ ಹಿಟ್ಟಿನ ಮೇಲೆ ಹಾಕ್ತಿದ್ದೆ ಸಾರ್. ನನ್ನ ತಲೆ ಮೇಲೆ ಯಾಕೆ ಹಾಕ್ಕೊಳ್ಳಲಿ?"

"ಬಿಲ್ಲೆ ಕೊರೆದವಳು ನಾನು," ಎಂದರು ಡಾಕ್ಟರಮ್ಮ. "ಟ್ಯೂಬುಗಳೆಲ್ಲ ಹಾಗೇ ಇವೆ. ನಿಮಗೆ ಬೇಕಾದ ಲ್ಯಾಬಿಗೆ ಕಳಿಸಿ. ಯಾರು ಮಾಡಿದ್ರೂ ಇದೇ ಬಳೆ ಬರುತ್ತೆ. ಈ ಪರೀಕ್ಷೆ ವರ್ಷವರ್ಷ ನಡೆದಿದ್ರೆ ಎರಡನೇ ಪ್ಲೇಟಲ್ಲೇ ಗೊತ್ತಾಗ್ತಿತ್ತು. ಆ ಕೋಣೆಯ ಬೀಗದಕೈ ನಿಮ್ಮ ಮೇಜಿನ ಡ್ರಾದಲ್ಲಿದೆ ಸಾರ್."

ಮ್ಯಾನೇಜರ್ ಡ್ರಾ ಕಡೆ ನೋಡಲಿಲ್ಲ. ಕಸೂತಿಯಕ್ಕನನ್ನು ನೋಡಿದ. "ಇವತ್ತೇ ಕೆಲಸ ಬಿಟ್ಟು ಹೋಗ್ತೀನಿ ಅಂದಿದ್ರಿ, ಅಲ್ವಾ?"

ಆಗ ಗಂಟಲು ಎದ್ದ. ಅವನ ಸ್ವಂತ ದನಿ ಮರಳಿ ಬಂದಿತ್ತು. "ಅಕ್ಕನ್ನ ಕೆಲಸದಿಂದ ತೆಗೀರಿ, ಬೀಗದಕೈ ಕತೆ ನಾಳೆ ಗೇಟಲ್ಲಿ ಹೇಳ್ತೀನಿ. ಮೈಕ್ ಬೇಕಾಗಿಲ್ಲ ನನಗೆ."

ಹೊರಗಿನ ಲ್ಯಾಬಿಗೆ ಕಳಿಸಿದರು. ಅದೇ ಬಳೆ ಬಂತು. ಮೈದುನನ ಅಮಾನತು ರದ್ದಾಯಿತು. ಕ್ಷಮೆ ಕೇಳುವುದು ಕಂಪನಿಗಳ ಜಾಯಮಾನದಲ್ಲಿಲ್ಲ, ಕೇಳಲಿಲ್ಲ. ಗಂಟಲು ಗೇಟಿನಲ್ಲಿ ಇದು ಸಂಘದ ಗೆಲುವು ಎಂದು ಭಾಷಣ ಬಿಗಿದ. ಪ್ಲೇಟಿನ ಸುದ್ದಿ ಎತ್ತಲಿಲ್ಲ. ಡಾಕ್ಟರಮ್ಮನಿಗೆ ಬರಬೇಕಾಗಿದ್ದ ಬಡ್ತಿ ಬರಲಿಲ್ಲ. ಕಸೂತಿಯಕ್ಕನನ್ನು ಕಲ್ಚರ್ ರೂಮಿನಿಂದ ತೆಗೆದು ಬಾಟಲಿ ತೊಳೆಯುವ ತೊಟ್ಟಿಗೆ, ಮುದುಕಿಯ ಪಕ್ಕಕ್ಕೆ ಹಾಕಿದರು. ಅವಳು ತಕರಾರು ಮಾಡಲಿಲ್ಲ. ತಪ್ಪು ಮಾಡಿದ್ದು ಹೌದಲ್ಲ, ಎಂದಳಷ್ಟೇ.

ಮೈದುನ ಮೊದಲ ದಿನ ಡ್ಯೂಟಿಗೆ ಹೊರಟಾಗ ಬಾಗಿಲಲ್ಲಿ ನಿಂತು ಕೇಳಿದ, "ಅತ್ತಿಗೆ, ಒಂದು ಮಾತು ಮನೇಲಿ ಹೇಳಬಾರದಿತ್ತಾ?"

"ಹೋದ ಸಲ ಮೊದಲೇ ಮಾತಾಡಿ ಕೆಟ್ಟಿದ್ದೆ. ಈ ಸಲ ಬಳೆ ನೋಡಿ ಮಾತಾಡೋಣ ಅಂತ."

ಮಣ್ಣಿನ ಬೀಜದಿಂದ ಟ್ಯಾಂಕಿಗೆ ಹೊಸದಾಗಿ ಬಿತ್ತಿದರೆಂದು ಸುದ್ದಿ ಬಂತು. ಔಷಧಿ ಬಂತೋ ಇಲ್ಲವೋ, ಬಾಟಲಿಯವರಿಗೆ ಯಾರು ಹೇಳುತ್ತಾರೆ? ಮೈದುನನಿಗೂ ಟ್ಯಾಂಕು ಇಳಿಸುವ ಕೊನೆಯ ದಿನದವರೆಗೆ ತಿಳಿಯುವುದಿಲ್ಲ. ಒಂದು ಮಧ್ಯಾಹ್ನ ಮೇಲಿನಿಂದ ಬೀಜದ ಬಾಟಲಿಗಳು ತೊಳೆಯಲು ಇಳಿದವು. ಅವಳು ಒಂದನ್ನೆತ್ತಿ ನೀರು ಹುಯ್ದು ಕುಲುಕಿದಳು. ಏನೂ ಕದಲಲಿಲ್ಲ. ಬುಡದಿಂದ ಕೊರಳಿನವರೆಗೆ ಹಳದಿ ಕರಟು, ಬಂಡೆಗೆ ಹತ್ತಿದ ಪಾಚಿಯಂತೆ. ಬ್ರಷ್ ಹಾಕಿ ಉಜ್ಜಿದಳು. ಬರಲಿಲ್ಲ.

"ಅಯ್ಯೋ, ಇದರ ಮನೆ ಹಾಳಾಗ!" ಎಂದು ಪಕ್ಕದಲ್ಲಿ ಮುದುಕಿ ಇನ್ನೊಂದು ಬಾಟಲಿ ಹಿಡಿದು ಬೈಯುತ್ತಿದ್ದಳು. "ಶುರುವಾಯ್ತಲ್ಲಮ್ಮ ಮತ್ತೆ ಹಳೇ ಕರ್ಮ! ನೀನು ಇದ್ದಿದ್ರೆ ಈ ಗತಿ ಬರ್ತಿತ್ತಾ?"

"ಉಜ್ಜಮ್ಮ, ಉಜ್ಜು," ಎಂದಳು ಅವಳು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು. "ಬೆರಳು ಸವೆಯೋ ಹಂಗೆ ಉಜ್ಜು."